ಓರ್ಸಾತ್‌ನ ಎಡಗೈ ಯಾವ ದಡದ್ದು

ಗ್ರೆಬೆನ್, 18 ಫೆಬ್ರವರಿ 2024

ಓರ್ಸಾತ್,

ಹಾಗಾದರೆ ಆ ವಿಡಿಯೋಗೇ ನಿನಗೆ ಕೋಪ ಅಂತ ಇಟ್ಟುಕೊಳ್ಳೋಣ. ಬೇರೆ ಕಾರಣ ಇದ್ದರೆ ನೀನು ಹೇಳಿಲ್ಲ, ನನಗೂ ಊಹಿಸಿ ಊಹಿಸಿ ಸಾಕಾಗಿದೆ. ಮನೆಯ ಗ್ರೂಪ್ ಬಿಟ್ಟು ಹೋದೆ, ದಡದ ಗ್ರೂಪ್ ಬಿಟ್ಟು ಹೋದೆ, ತಂಗಿಯ ನಂಬರನ್ನೇ ಬ್ಲಾಕ್ ಮಾಡಿದೆ. ಅಂಚೆಯವನನ್ನು ಬ್ಲಾಕ್ ಮಾಡಲು ಬರುವುದಿಲ್ಲವಲ್ಲ, ಅದಕ್ಕೇ ಈ ಕಾಗದ. ಹದಿನೇಳು ವರ್ಷಕ್ಕೆ ಇದು ನನ್ನ ಮೊದಲ ಕಾಗದ. ಅಂಚೆಚೀಟಿ ಎಲ್ಲಿ ಸಿಗುತ್ತದೆ ಅಂತ ಅಮ್ಮನನ್ನು ಕೇಳಬೇಕಾಯಿತು.

ನಿನ್ನೆ ನೋಡಿದೆ ತಾನೇ? ಕತಾರ್‌ನಲ್ಲಿ ನಮ್ಮವರು ಇಟಲಿಯನ್ನು ಪೆನಾಲ್ಟಿಯಲ್ಲಿ ಹೊಡೆದು ವಾಟರ್ ಪೋಲೊದಲ್ಲಿ ಮತ್ತೆ ವಿಶ್ವ ಚಾಂಪಿಯನ್ ಆದರು. ಪೆನಾಲ್ಟಿ ಶುರುವಾಗುತ್ತಿದ್ದಂತೆ ಅಮ್ಮ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ನಲ್ಲಿ ತಿರುಗಿಸಿಬಿಟ್ಟಳು, ಏನೂ ಕೇಳಿಸಬಾರದು ಅಂತ. ನಮ್ಮ ಗೋಲಿಗೆ ಒಂದು ಸಲ, ಅವರ ಗೋಲಿಗೆ ಎರಡು ಸಲ ನಾನು ಬಾಗಿಲು ಬಡಿಯಬೇಕು, ಅದು ಒಪ್ಪಂದ. ಕೊನೆಗೆ ಸಂತೋಷದಲ್ಲಿ ಲೆಕ್ಕ ತಪ್ಪಿ ದಬದಬ ಬಡಿದೆ. ಸೋತೆವು ಅಂತಲೇ ತಿಳಿದು ಅವಳು ಕಣ್ಣೊರೆಸಿಕೊಂಡು ಹೊರಗೆ ಬಂದಳು.

ಇಡೀ ದೇಶ ಸೇರಿದರೂ ನಲವತ್ತು ಲಕ್ಷ ಜನ ಇಲ್ಲ. ಫುಟ್‌ಬಾಲ್‌ನಲ್ಲಿ ವಿಶ್ವಕಪ್ ಫೈನಲ್ ಮುಟ್ಟಿದೆವು, ಆಮೇಲೆ ಮೂರನೆಯವರಾದೆವು, ನೀರಿನಲ್ಲಂತೂ ಈಗ ನಮ್ಮ ಮುಂದೆ ಯಾರೂ ಇಲ್ಲ. ಇಷ್ಟೆಲ್ಲ ಗೆದ್ದ ದೇಶದ ಗ್ರೆಬೆನ್ ದಡದಲ್ಲಿ ಮಾತ್ರ ಒಂದು ತಂಡಕ್ಕೆ ಏಳು ಜನ ಸಿಗುತ್ತಿಲ್ಲ. ಗೋಲು ಕಾಯುವ ನಮ್ಮ ಗೋಲಿ ಬಾಲ್ದೋ ಹಡಗಿನ ಕೆಲಸಕ್ಕೆ ಹೋದ. ಅವನು ಹೋದ, ನೀನು ಬರುವುದಿಲ್ಲ ಅಂದರೆ ಉಳಿದವರು ಐದು. ಆಗಸ್ಟ್‌ನಲ್ಲಿ ದಡಗಳ ಪಂದ್ಯಾವಳಿ. ಐದು ಜನರನ್ನು ನೀರಿಗೆ ಇಳಿಸಲು ಬಿಡುವುದಿಲ್ಲ, ಕನಿಷ್ಠ ಆರು ಬೇಕು.

ಹೊರಗಿನವರನ್ನು ಸೇರಿಸಲು ನಾಯಕ ಮಾತೋ ಒಂದು ಪ್ರಯತ್ನ ಮಾಡಿದ. ಅವನ ಅಕ್ಕನ ಗಂಡ ಸ್ಪ್ಲಿತ್ ನಗರದವನು, ಬಾಗಿಲಿನಷ್ಟು ಅಗಲ. ಅವನನ್ನು ಊರಿಗೇ ದೊಡ್ಡಪ್ಪನಾದ ಬಾರ್ಬ ಸ್ತಿಯೆಪೋ ಎದುರು ನಿಲ್ಲಿಸಿದರು. ಮುದುಕನ ವಿಷಯ ನಿನಗೆ ಗೊತ್ತಲ್ಲ, ದೋಣಿಮನೆಯ ಬೀಗದ ಕೈಯೂ ಅವನ ಹತ್ತಿರ, ನಿಯಮವೂ ಅವನ ಹತ್ತಿರ. ಕೇಳಿದ: "ಮೊದಲ್ನೇ ಸಲ ಯಾರ ಕೈನೂ ಹಿಡೀದೆ ಎಲ್ಲಿ ಈಜಿದ್ದು?" ಆ ಪಾಪದವನು ಈಜುಕೊಳದಲ್ಲಿ ಅಂದ. "ಯಾರು ನೋಡಿದ್ರು? ನಿನ್ನ ಹೆಸರನ್ನ ಮೂರು ಸಲ ಯಾರು ಕೂಗಿದ್ರು?" ಅವನು ಅಂದ, "ಕೋಚ್ ಶಿಳ್ಳೆ ಊದಿದ್ರು." ಬೆಂಚಿನ ಮೇಲಿದ್ದ ಮುದುಕರೆಲ್ಲ ನಕ್ಕು ನಕ್ಕು ಕೆಮ್ಮಿದರು. ಮೊದಲ ಸಲವೇ ದಡದ ಕಲ್ಲಿನಿಂದ ನೀರಲ್ಲಿ ತೇಲುವ ಹಳದಿ ಗುಂಡಿನವರೆಗೆ ಈಜಬೇಕು, ಕಂಡವರು ಕೂಗಬೇಕು, ದೋಣಿಮನೆಯ ಗೋಡೆಯ ಮೇಲೆ ಹೆಸರು ಬರೆಯಬೇಕು. ಆಗಲೇ ಆ ದಡದವನು, ಸಾಯುವವರೆಗೂ. ಆಯಿತು, ಅಕ್ಕನ ಗಂಡ ಮನೆಗೆ ಹೋದ.

ನಿನ್ನ ಹೆಸರು ನಮ್ಮ ಗೋಡೆಯ ಮೇಲಿದೆ, ಅಜ್ಜನೇ ಬರೆದದ್ದು. ಕಳೆದ ಫೈನಲ್‌ನಲ್ಲಿ ಪೋರತ್ ದಡದವರ ಮೇಲೆ ನೀನು ಕೊನೆಯ ಕ್ಷಣದಲ್ಲಿ ಹೊಡೆದ ಗೋಲನ್ನು ನಾನು ದಿನಕ್ಕೊಂದು ಸಲವಾದರೂ ನೋಡುತ್ತೇನೆ. ಹೌದು, ವಿಡಿಯೋದಲ್ಲಿ ಕ್ಯಾಮೆರಾ ತಿರುಗಿಸಿ ಪೋರತ್ ಕಟ್ಟೆಯ ಮೇಲೆ ನಿಂತ ಅಪ್ಪನ ಮುಖ ತೋರಿಸಿ "ಸೋತವರನ್ನು ನೋಡಿ" ಅಂತ ಬರೆದದ್ದು ನನ್ನ ತಪ್ಪು. ಅಳಿಸಿದ್ದೇನೆ. ನಾಲ್ಕು ಸಾವಿರ ಜನ ನೋಡಿದ ಮೇಲೆ ಅಳಿಸಿದ್ದೇನೆ, ಅದೂ ನಿಜ. ಅಮ್ಮನನ್ನು ಬಿಟ್ಟು ಪೋರತ್‌ಗೆ ಹೋಗಿ ಕೂತವನು ಅವನಲ್ಲವೇ ಅಂತ ಆಗ ಅನ್ನಿಸಿತ್ತು.

ಬರುತ್ತೀಯಾ ಇಲ್ಲವಾ, ಒಂದು ಪದ ಬರೆ.

ಉಗುರು ಕಚ್ಚಿ ಮುಗಿಸಿದ
ದೆಶಾ


ಜಾಗ್ರೆಬ್, 4 ಮಾರ್ಚ್

ದೆಶಾ,

ಕಾಗದ ಬಂತು. ಹಾಸ್ಟೆಲ್‌ನ ಹೆಂಗಸು ಅದನ್ನು ಊಟದ ಕೋಣೆಯಲ್ಲಿ ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, "ಓರ್ಸಾತ್‌ಗೆ ಪ್ರೇಮಪತ್ರ" ಅಂದಳು. ಹತ್ತು ದಿನದಿಂದ ಹುಡುಗರು ನನ್ನ ಜೀವ ತಿನ್ನುತ್ತಿದ್ದಾರೆ.

ವಿಡಿಯೋ ಮರೆತುಬಿಡು. ಅದಕ್ಕಲ್ಲ.

ಬರಲು ಆಗುವುದಿಲ್ಲ. ಬೇಸಿಗೆಯಲ್ಲಿ ಬೇರೆ ಕಡೆ ಆಡಬಾರದು ಅಂತ ಕ್ಲಬ್ಬಿನ ಒಪ್ಪಂದದಲ್ಲಿದೆ. ಭುಜವೂ ಸರಿಯಿಲ್ಲ. ಮಾತೋಗೆ ಹೇಳು.

ಇಲ್ಲಿ ಕೊಳದ ನೀರು ಬೆಚ್ಚಗಿರುತ್ತದೆ, ಬಾಯಿಗೆ ಹೋದರೆ ಔಷಧಿಯ ರುಚಿ. ಅಮ್ಮ ಹೇಗಿದ್ದಾಳೆ?

ಓರ್ಸಾತ್


ಗ್ರೆಬೆನ್, 29 ಮಾರ್ಚ್, ಶುಭ ಶುಕ್ರವಾರ

ಸುಳ್ಳುಗಾರ ಓರ್ಸಾತ್‌ಗೆ,

ಒಪ್ಪಂದವಂತೆ. ನಿನ್ನ ತಂಡದ ಇಬ್ಬರು ಹೋದ ಬೇಸಿಗೆಯಲ್ಲಿ ತಮ್ಮ ದ್ವೀಪದಲ್ಲಿ ಆಡಿದ ಫೋಟೋ ನನ್ನ ಹತ್ತಿರ ಇದೆ. ಒಬ್ಬ ಟೋಪಿ ಕೂಡ ಬಿಚ್ಚದೆ ಸುಟ್ಟ ಸಾರ್ಡೀನ್ ತಿನ್ನುತ್ತಿದ್ದಾನೆ. ಇನ್ನು ಭುಜ. ಶನಿವಾರ ಆ ಭುಜದಿಂದಲೇ ನಾಲ್ಕು ಗೋಲು ಹೊಡೆದೆ. ನಾಲ್ಕನೆಯದನ್ನು ನಿಧಾನಗತಿಯಲ್ಲಿ ಇಪ್ಪತ್ತು ಸಲ ನೋಡಿದ್ದೇನೆ, ಮುಖದಲ್ಲಿ ನೋವಿನ ಒಂದು ಗೆರೆಯೂ ಇಲ್ಲ. ನಿನ್ನ ಬಗ್ಗೆ ನಿನಗಿಂತ ನನಗೆ ಹೆಚ್ಚು ಗೊತ್ತು ಅನ್ನುವುದನ್ನು ಮರೆತೆಯಾ?

"ಅದಕ್ಕಲ್ಲ" ಅಂದರೆ ಯಾವುದಕ್ಕೆ? ಆ ಒಂದು ಪದ ಮೂರು ವಾರದಿಂದ ನನ್ನ ತಲೆ ತಿನ್ನುತ್ತಿದೆ. ಅದರ ಮೇಲೆ ಯುಗೋ ಗಾಳಿ ಬೇರೆ. ದಕ್ಷಿಣದಿಂದ ಒದ್ದೆ ಒದ್ದೆಯಾಗಿ ಬೀಸುತ್ತಿದೆ, ಊರಲ್ಲಿ ಎಲ್ಲರಿಗೂ ತಲೆನೋವು, ಎಲ್ಲರೂ ಎಲ್ಲರ ಮೇಲೆ ಸಿಡುಕುತ್ತಿದ್ದಾರೆ. ಅಮ್ಮ ಉಪ್ಪುಮೀನು ನೆನೆಹಾಕಿ ಎರಡು ಸಲ ನೀರು ಬದಲಿಸಲು ಮರೆತಳು. ನಿನ್ನ ಕಾಗದ ಕೊಟ್ಟೆ. ಓದಿ ಮಡಚಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು.

ಮನಸ್ಸು ತಡೆಯದೆ ಮೊನ್ನೆ ಪೋರತ್‌ಗೆ ಹೋದೆ. ಕಾಲು ಗಂಟೆಯ ನಡಿಗೆ, ಪಂದ್ಯಕ್ಕೆ ಬಿಟ್ಟರೆ ಹೋಗಿ ಎರಡು ವರ್ಷವಾಗಿತ್ತು. ಅಪ್ಪ ಕಟ್ಟೆಯ ಮೇಲೆ ಯಾರದೋ ದೋಣಿಯ ಎಂಜಿನ್ ಬಿಚ್ಚಿಕೊಂಡು ಕೂತಿದ್ದ. ವಿಡಿಯೋ ವಿಷಯಕ್ಕೆ ಕ್ಷಮೆ ಕೇಳಿದೆ. ಅವನು ನೋಡಿರಲೇ ಇಲ್ಲ. ಗೋಲನ್ನು ಮಾತ್ರ ನೋಡಿದ್ದ. "ಆರು ವರ್ಷಕ್ಕೇ ಅವನು ಎಡಗೈಲೇ ನೀರು ಸೀಳ್ತಿದ್ದ. ಈ ಕಲ್ಲಿಂದ ಆ ಗುಂಡಿನವರೆಗೆ, ಒಂದೇ ಉಸ್ರಿಗೆ," ಅಂದ. ನಾನು ಅಂದೆ, ಅದು ನಮ್ಮ ದಡದಲ್ಲಿ, ಇಲ್ಲಿ ಅಲ್ಲವಲ್ಲ. ಅವನು ಮತ್ತೆ ಎಂಜಿನ್ ಒಳಗೆ ಕೈ ಹಾಕಿ, ಹೌದು, ವಯಸ್ಸಾಯಿತು, ಕಲಸಿಹೋಗುತ್ತದೆ ಅಂದ.

ಅವನಿಗೆ ಐವತ್ತೂ ಆಗಿಲ್ಲ, ಓರ್ಸಾತ್.

ಉತ್ತರ ಕಾಯುತ್ತಾ ಕೂರಲಾರದ
ದೆಶಾ


ಜಾಗ್ರೆಬ್, 3 ಏಪ್ರಿಲ್

ದೆಶಾ,

ಅಪ್ಪ ಇನ್ನೇನು ಹೇಳಿದ? ಒಂದೂ ಬಿಡದೆ ಬರೆ. ಅಲ್ಲಿ ಬೇರೆ ಯಾರಾದರೂ ಇದ್ದರಾ?

ಓ.


ಗ್ರೆಬೆನ್, 26 ಮೇ

ಓರ್ಸಾತ್,

ನಿನ್ನ ಮೂರು ಸಾಲಿಗೆ ಬೇಕಂತಲೇ ಏಳು ವಾರ ಉತ್ತರ ಕೊಡಲಿಲ್ಲ. ಹೇಗಿರುತ್ತದೆ ಅಂತ ನಿನಗೂ ಗೊತ್ತಾಗಲಿ.

ಅಪ್ಪ ಬೇರೇನೂ ಹೇಳಲಿಲ್ಲ. ಯಾರೂ ಇರಲಿಲ್ಲ, ಒಂದು ಬೆಕ್ಕಿತ್ತು. ನೀನು ಹೀಗೆ ಗಾಬರಿಯಾಗಿ ಕೇಳಿದ ಮೇಲೆ ಏನೋ ಇದೆ ಅಂತ ನನಗೆ ಖಾತ್ರಿಯಾಯಿತು.

ಇಲ್ಲಿಯ ಸುದ್ದಿ ಕೇಳು. ಗೋಲಿ ಇಲ್ಲವಲ್ಲ, ಅದಕ್ಕೆ ನಾನೇ ನಿಲ್ಲುತ್ತೇನೆ ಅಂದೆ. ಮಾತೋ ನಕ್ಕ. ಬಾರ್ಬ ಸ್ತಿಯೆಪೋ ನಗಲಿಲ್ಲ. ಗೋಡೆಯ ಹತ್ತಿರ ಹೋಗಿ ಕನ್ನಡಕ ಹಾಕಿಕೊಂಡು ನನ್ನ ಹೆಸರು ಹುಡುಕಿದ, "ಇದೆ" ಅಂದ, ಅಷ್ಟೇ. ಅವತ್ತಿನಿಂದ ದಿನಾ ಬೆಳಿಗ್ಗೆ ಶಾಲೆಗೆ ಮುಂಚೆ ಐದೂ ಜನ ಸರದಿಯಲ್ಲಿ ನನ್ನ ಮುಖಕ್ಕೆ ಚೆಂಡು ಹೊಡೆಯುತ್ತಾರೆ. ಮೂಗು ಎರಡು ಸಲ ಊದಿತು. ಇತಿಹಾಸದ ಮೇಷ್ಟ್ರು ಮನೆಯಲ್ಲಿ ಏನಾದರೂ ತೊಂದರೆಯಾ ಅಂತ ಗುಟ್ಟಾಗಿ ಕೇಳಿದರು. ಈಗ ಹತ್ತರಲ್ಲಿ ನಾಲ್ಕು ಹಿಡಿಯುತ್ತೇನೆ. ಎಡಗೈಯವರ ಹೊಡೆತ ಮಾತ್ರ ಹಿಡಿಯಲು ಬರುವುದಿಲ್ಲ, ಏಕೆಂದರೆ ಅಭ್ಯಾಸಕ್ಕೆ ಎಡಗೈಯವನು ಯಾರೂ ಇಲ್ಲ.

ಆರು ಜನ ಆದೆವು, ಆಡಬಹುದು. ಆದರೆ ಏಳು ಜನರ ಎದುರು ಆರು ಜನ ಎಷ್ಟು ಹೊತ್ತು? ಮೂರು ವರ್ಷ ಗೆದ್ದ ದಡ ನಮ್ಮದು, ಮೂರೂ ಸಲ ನಿನ್ನಿಂದ ಗೆದ್ದದ್ದು. ಬೀದಿಯಲ್ಲಿ ಹೋದರೆ ಎಲ್ಲರೂ ನನ್ನನ್ನೇ ಕೇಳುತ್ತಾರೆ. ನಿಮ್ಮಣ್ಣ ದೊಡ್ಡ ಮನುಷ್ಯ ಆಗಿಬಿಟ್ಟನಾ, ನಮ್ಮ ಉಪ್ಪುನೀರು ಅವನ ಮೈಗೆ ಆಗುವುದಿಲ್ಲವಾ ಅಂತ. ಮೀನಂಗಡಿಯವಳು ನಿನ್ನ ಪಾಲಿನ ಚಿಲ್ಲರೆ ಮೀನನ್ನು ಬೆಕ್ಕಿಗೆ ಹಾಕುತ್ತೇನೆ ಅಂದಳು. ನಾನು ಎಲ್ಲರ ಹತ್ತಿರವೂ ಭುಜ ನೋವು ಅಂತ ಸುಳ್ಳು ಹೇಳುತ್ತಿದ್ದೇನೆ. ಯಾಕೆ ಸುಳ್ಳು ಹೇಳುತ್ತಿದ್ದೇನೆ ಅನ್ನುವುದಾದರೂ ನನಗೆ ಗೊತ್ತಾಗಬೇಡವೇ?

ನಿಜ ಬರೆ. ಇಲ್ಲದಿದ್ದರೆ ಬಸ್ ಹತ್ತಿ ಹಾಸ್ಟೆಲ್‌ಗೇ ಬಂದು ಊಟದ ಕೋಣೆಯಲ್ಲಿ ನಿಂತು ಗಟ್ಟಿಯಾಗಿ ಕೇಳುತ್ತೇನೆ.

ಊದಿದ ಮೂಗಿನ
ದೆಶಾ


ಜಾಗ್ರೆಬ್, 17 ಜೂನ್

ಪುಟ್ಟಿ,

ನೀನು ಬಂದೇ ಬರುತ್ತೀಯ ಅಂತ ಗೊತ್ತು, ಅದಕ್ಕೆ ಬರೆಯುತ್ತಿದ್ದೇನೆ. ನಾಲ್ಕು ಸಲ ಬರೆದು ಹರಿದೆ.

ನಾನು ಮೊದಲು ಈಜಿದ್ದು ಗ್ರೆಬೆನ್‌ನಲ್ಲಿ ಅಲ್ಲ.

ನನಗೆ ಆರು ವರ್ಷ, ನಿನಗೆ ಮೂರು. ಅಕ್ಟೋಬರ್. ಅಪ್ಪ ನನ್ನನ್ನು ಪೋರತ್‌ಗೆ ಕರೆದುಕೊಂಡು ಹೋದ, ಆಗಲೇ ಅಲ್ಲಿ ಕೋಣೆ ನೋಡಿದ್ದ ಅಂತ ಕಾಣುತ್ತದೆ. ದಡದಲ್ಲಿ ಒಂದು ಪಿಳ್ಳೆಯೂ ಇರಲಿಲ್ಲ. ಕುರ್ಚಿಗಳನ್ನೆಲ್ಲ ಎತ್ತಿಟ್ಟು ಟಾರ್ಪಾಲು ಹೊದಿಸಿದ್ದರು. ನಾನು ಕಲ್ಲಿನ ಮೇಲಿಂದ ಹಾರಿ ಹಳದಿ ಗುಂಡಿನವರೆಗೆ ಈಜಿದೆ, ಮುಟ್ಟಿದೆ. ತಿರುಗಿ ನೋಡಿದರೆ ಅಪ್ಪ ಬಟ್ಟೆ ಹಾಕಿಕೊಂಡೇ ಸೊಂಟದವರೆಗೆ ನೀರಲ್ಲಿ ನಿಂತಿದ್ದ. ಊರ ಕಡೆ ತಿರುಗಿ ನನ್ನ ಹೆಸರನ್ನು ಮೂರು ಸಲ ಕೂಗಿದ. ಯಾರಿಗೂ ಕೇಳಿಸಲಿಲ್ಲ, ಎಲ್ಲ ಕಿಟಕಿಗಳೂ ಮುಚ್ಚಿದ್ದವು. ಬೇಸಿಗೆ ಬಂದ ಮೇಲೆ ಗೋಡೆಯ ಮೇಲೆ ಬರೆಸೋಣ ಅಂದ.

ಬೇಸಿಗೆ ಬರುವ ಹೊತ್ತಿಗೆ ಅವನು ಮನೆಯಲ್ಲಿ ಇರಲಿಲ್ಲ. ಜೂನ್ ತಿಂಗಳ ಒಂದು ಭಾನುವಾರ ಅಜ್ಜ ನನ್ನ ಕೈ ಹಿಡಿದು ನಮ್ಮ ದಡಕ್ಕೆ ಕರೆದುಕೊಂಡು ಹೋಗಿ, "ಹೋಗು, ತೋರ್ಸು" ಅಂದ. ಈಜಿದೆ. ಅಜ್ಜ ಕೂಗಿದ, ಇಡೀ ದಡವೇ ಎದ್ದು ನಿಂತು ಚಪ್ಪಾಳೆ ತಟ್ಟಿತು. ಯಾರೋ ಕಲ್ಲಂಗಡಿ ಕೊಯ್ದರು, ಮಧ್ಯದ ತುಂಡು ನನಗೆ ಕೊಟ್ಟರು. ಬಾರ್ಬ ಸ್ತಿಯೆಪೋ ಬಣ್ಣದ ಡಬ್ಬಿ ತಂದ. ಇದು ಎರಡನೇ ಸಲ ಅಂತ ಹೇಳಲು ಬಾಯಿ ತೆರೆದೆ, ಬಾಯಿ ತುಂಬ ಕಲ್ಲಂಗಡಿ ಇತ್ತು. ಆಮೇಲೆ ಹೇಳೋಣ ಅಂದುಕೊಂಡೆ. ಆಮೇಲೆ ಹೆಸರು ಒಣಗಿತು.

ಅಜ್ಜನಿಗೆ ಗೊತ್ತಿತ್ತಾ? ಗೊತ್ತಿಲ್ಲ. ಕೇಳದೆ ಇದ್ದದ್ದು ನಾನು.

ಕಳೆದ ಫೈನಲ್‌ನಲ್ಲಿ ಗೋಲು ಹೊಡೆದ ಮೇಲೆ ತಲೆ ಎತ್ತಿದರೆ ನೇರ ಎದುರಿಗೆ ಅಪ್ಪ. ಅವನು ಒಂದು ಮಾತು ಆಡಿದ್ದರೆ ಆ ಗೋಲು ಇಲ್ಲ, ಕಪ್ ಇಲ್ಲ, ನಾನು ಗ್ರೆಬೆನ್‌ನವನೇ ಅಲ್ಲ. ಅವನ ಸುತ್ತ ನಿಂತವರೆಲ್ಲ ತಲೆಯ ಮೇಲೆ ಕೈ ಇಟ್ಟುಕೊಂಡಿದ್ದರು. ಅವನು ಚಪ್ಪಾಳೆ ತಟ್ಟಿದ. ಎರಡು ಸಲ, ಮೆಲ್ಲಗೆ. ನಿನ್ನ ವಿಡಿಯೋದಲ್ಲಿ ಅದೂ ಇತ್ತು, ನೀನು ನೋಡಲಿಲ್ಲ. ನಾನು ನೋಡಿದೆ. ಮಾರನೆಯ ದಿನ ಬಸ್ ಹತ್ತಿದೆ.

ಗ್ರೆಬೆನ್‌ಗೆ ಆಡಿದರೆ ಸುಳ್ಳು. ಪೋರತ್‌ಗೆ ಆಡಿದರೆ ಸತ್ತ ಅಜ್ಜನನ್ನು ಊರೆದುರು ಸುಳ್ಳುಗಾರ ಮಾಡಿದಂತೆ, ಅಮ್ಮ ತಲೆ ಎತ್ತಿಕೊಂಡು ಬ್ರೆಡ್ ತರಲು ಹೋಗುವಂತಿಲ್ಲ. ಅದಕ್ಕೇ ಯಾರಿಗೂ ಆಡುವುದಿಲ್ಲ. ಕೊಳದಲ್ಲಿ ಯಾರೂ ಏನೂ ಕೇಳುವುದಿಲ್ಲ, ನನಗೆ ಅದೇ ಸಾಕು.

ಯಾರಿಗೂ ಹೇಳಬೇಡ.

ಓರ್ಸಾತ್


ಪೋರತ್, 9 ಜುಲೈ

ದೆಶಾ ಮಗಳೇ,

ನೀನು ಬಾಗಿಲ ಕೆಳಗೆ ತೂರಿಸಿ ಹೋದ ಚೀಟಿ ಸಿಕ್ಕಿತು. ಎದುರಿಗೇ ಕೇಳಬಹುದಿತ್ತು, ಕಾಫಿ ಮಾಡುತ್ತಿದ್ದೆ.

ಹೌದು, ಕೂಗಿದೆ. ಮೂರು ಸಲ. ಆ ದಿನ ನೀರು ಬಹಳ ತಣ್ಣಗಿತ್ತು.

ಯಾಕೆ ಇಷ್ಟು ವರ್ಷ ಸುಮ್ಮನಿದ್ದೆ ಅಂತ ಕೇಳಿದ್ದೀಯ. ಮನೆ ಬಿಟ್ಟು ಬಂದವನು ಮಗನ ಹೆಸರನ್ನೂ ಗೋಡೆಯಿಂದ ಕಿತ್ತುಕೊಂಡು ಬರಬೇಕಿತ್ತೇ? ಇಷ್ಟೇ ಉತ್ತರ. ಅವನು ಸಾಕ್ಷಿ ಹೇಳು ಅಂದರೆ ಹೇಳುತ್ತೇನೆ. ಬೇಡ ಅಂದರೆ ನನಗೆ ಏನೂ ನೆನಪಿಲ್ಲ.

ಗೋಲಿನಲ್ಲಿ ನಿಲ್ಲುತ್ತೀಯಂತೆ. ಮೊಣಕೈ ನೀರಿನ ಮೇಲೆ ಇಡಬೇಡ, ಒಳಗೆ ಇಡು.

ಅಪ್ಪ


ಗ್ರೆಬೆನ್, 12 ಆಗಸ್ಟ್

ಓರ್ಸಾತ್,

ಹೇಳಿಬಿಟ್ಟೆ. ಮೊದಲು ಅದನ್ನು ಓದಿಕೊಂಡು, ಬೈಯುವುದನ್ನೆಲ್ಲ ಬೈದು ಮುಗಿಸಿ, ಆಮೇಲೆ ಮುಂದೆ ಓದು.

ಒಂದೂವರೆ ತಿಂಗಳು ಹೊಟ್ಟೆಯಲ್ಲಿ ಇಟ್ಟುಕೊಂಡೆ. ಪ್ಯಾರಿಸ್ ಒಲಿಂಪಿಕ್ಸ್ ನೋಡುತ್ತಿದ್ದರೂ ಅದೇ ಯೋಚನೆ. ಜೋಡಿ ದೋಣಿಯಲ್ಲಿ ನಮ್ಮ ದೇಶದ ಅಣ್ಣ ತಮ್ಮ ಹಿಂದೆ ಬಿದ್ದಿದ್ದವರು ಕೊನೆಯ ಕೆಲವು ಹುಟ್ಟಿನ ಎಳೆತಗಳಲ್ಲಿ ಬ್ರಿಟನ್ ದೋಣಿಯನ್ನು ದಾಟಿ ಚಿನ್ನ ಗೆದ್ದರಲ್ಲ, ಅಮ್ಮ ಕೂಗಾಡುತ್ತಿದ್ದಳು, ನಾನು ಅಳುತ್ತಿದ್ದೆ. ಸಂತೋಷಕ್ಕೆ ಅಂದುಕೊಂಡಳು. ಒಂದೇ ದೋಣಿಯಲ್ಲಿ ಕೂತ ಒಡಹುಟ್ಟಿದವರನ್ನು ನೋಡಿ ನನಗೆ ಹೊಟ್ಟೆಕಿಚ್ಚಾಗಿತ್ತು. ಅದೇ ದಿನ ಸಂಜೆ ಅಮ್ಮನಿಗೆ ಎಲ್ಲ ಹೇಳಿದೆ.

ಅವಳು ಬಟಾಣಿ ಸುಲಿಯುತ್ತಿದ್ದವಳು ಕೈ ನಿಲ್ಲಿಸಲೇ ಇಲ್ಲ. "ಆ ಅಕ್ಟೋಬರ್‌ನಲ್ಲಿ ನಿನ್ನಣ್ಣನ ಚಡ್ಡಿ ಉಪ್ಪುಪ್ಪಾಗಿತ್ತು. ನಾನೇ ಒಗೆದೆ. ಕೇಳ್ಬಹುದಿತ್ತು, ಕೇಳ್ಲಿಲ್ಲ," ಅಂದಳು. ಇನ್ನೊಂದು ಕಾಯಿ ಸುಲಿದು ಹೇಳಿದಳು, "ನನ್ನ ಹತ್ರ ಏನಾದ್ರೂ ಒಂದು ಉಳೀಬೇಕಿತ್ತು ಕಣೇ." ಅಜ್ಜನಿಗೆ ಏನೂ ಗೊತ್ತಿರಲಿಲ್ಲವಂತೆ. ಅವಳೇ ಅವನನ್ನು ಆ ಭಾನುವಾರ ನಿನ್ನ ಜೊತೆ ಕಳಿಸಿದ್ದು. ಹಾಗಾಗಿ ನೀನು ಕಾಪಾಡುತ್ತಾ ಬಂದ ಅಜ್ಜನ ಮರ್ಯಾದೆಗೆ ಏನೂ ಆಗಿಲ್ಲ, ಅವನು ಕಂಡದ್ದನ್ನೇ ಕೂಗಿದ. ಇದನ್ನು ಊರಿಗೆ ಹೇಳು ಅಂತ ಹೇಳಿದವಳೂ ಅಮ್ಮನೇ.

ಹೋದ ವಾರ, ನಾಲ್ಕನೇ ತಾರೀಖು ಭಾನುವಾರ, ಚರ್ಚ್ ಬಿಟ್ಟ ಮೇಲೆ ಬಾರ್ಬ ಸ್ತಿಯೆಪೋ ಎರಡೂ ದಡದವರನ್ನು ನಮ್ಮ ಕಟ್ಟೆಗೆ ಕರೆಸಿದ. ನಾನು ಹೇಳಿದೆ, ಅಮ್ಮ ಹೇಳಿದಳು. ಸಾಕ್ಷಿ ಎಲ್ಲಿ ಅಂತ ಮುದುಕ ಕೇಳಿದ. ನೀನು ಬೇಡ ಅಂದರೆ ಬಾಯಿ ಬಿಡುವುದಿಲ್ಲ ಅಂದಿದ್ದ ಅಪ್ಪ ನನ್ನ ಮುಖ ನೋಡಿದ. ಓರ್ಸಾತ್ ಹೂಂ ಅಂದಿದ್ದಾನೆ ಅಂತ ನಾನು ಎಲ್ಲರೆದುರು ಸುಳ್ಳು ಹೇಳಿದೆ. ಅಪ್ಪ ಬೂಟು ಬಿಚ್ಚಲಿಲ್ಲ. ಹದಿನಾಲ್ಕು ವರ್ಷದ ಮೇಲೆ ಗ್ರೆಬೆನ್ ಮೆಟ್ಟಿಲು ಇಳಿದು, ಸೊಂಟದವರೆಗೆ ನೀರಲ್ಲಿ ನಿಂತು ನಿನ್ನ ಹೆಸರು ಕೂಗಿದ. ಎರಡು ಸಲ ಸರಿಯಾಗಿ ಬಂತು. ಮೂರನೆಯ ಸಲ ಅರ್ಧ ಹೆಸರೇ ಬಂತು. ಯಾರೂ ನಗಲಿಲ್ಲ. ಮೀನಂಗಡಿಯವಳು ತೋಳಿನಲ್ಲೇ ಮೂಗು ಒರೆಸಿಕೊಂಡಳು.

ಹಳೆಯ ಮೂರು ಕಪ್ ವಾಪಸ್ ಕೊಡಿ ಅಂತ ಪೋರತ್‌ನವರು ಗಲಾಟೆ ಎಬ್ಬಿಸಿದರು. ಬಾರ್ಬ ಕೋಲು ಎತ್ತಿದ: "ಬಿದ್ದ ಗೋಲನ್ನ ನೀರಿಂದ ಹೆಕ್ಕಿ ತೆಗೆಯೋಕಾಗಲ್ಲ. ಇನ್ಮೇಲಿಂದ ಹುಡುಗ ನಿಮ್ಮೋನು." ನಮ್ಮ ಗೋಡೆಯಲ್ಲಿ ನಿನ್ನ ಹೆಸರಿದ್ದ ಜಾಗಕ್ಕೆ ಸುಣ್ಣ ಬಳಿದಾಯಿತು. ಪೋರತ್ ಗೋಡೆಯ ಮೇಲೆ ಅಪ್ಪನೇ ಬರೆದ. ಅಕ್ಷರ ಸೊಟ್ಟ.

ಮಾತೋ ನಾಲ್ಕು ದಿನ ನನ್ನ ಜೊತೆ ಮಾತಾಡಲಿಲ್ಲ. ಐದನೇ ದಿನ ಬಂದು, "ಊರಲ್ಲಿ ಇರೋ ಒಂದೇ ಒಂದು ಎಡಗೈನ ತಗೊಂಡು ಹೋಗಿ ಶತ್ರುಗೆ ಕೊಟ್ಯಲ್ಲೇ, ನೀನು ಅಭಿಮಾನಿನಾ, ಗೂಢಚಾರಿಣಿನಾ?" ಅಂದ. ಹಾಗಂದವನೇ ಎಡಗೈಯಲ್ಲಿ ಚೆಂಡು ಎಸೆಯುವುದನ್ನು ಅಭ್ಯಾಸ ಮಾಡುತ್ತಿದ್ದಾನೆ, ನನಗೆ ಹಿಡಿಯಲು ಕಲಿಸುವುದಕ್ಕೆ. ಹತ್ತರಲ್ಲಿ ಎಂಟು ಕಲ್ಲಿಗೆ ಬಡಿಯುತ್ತವೆ.

ಆದರೂ ಶುಕ್ರವಾರದ ಸೆಮಿಫೈನಲ್ ಆರೇ ಜನ ಗೆದ್ದೆವು, ಒಂದೇ ಗೋಲಿನಿಂದ. ಕೊನೆಯ ಹೊಡೆತ ನನ್ನ ಕಿವಿಗೆ ಬಡಿದು ಹೊರಗೆ ಹೋಯಿತು. ಹಿಡಿದೆ ಅಂತಲೇ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದೇನೆ. ನಿನ್ನೆ ಒಲಿಂಪಿಕ್ಸ್ ಫೈನಲ್‌ನಲ್ಲಿ ಸರ್ಬಿಯಾ ಎದುರು ನಮ್ಮವರು ಎರಡು ಗೋಲಿನಿಂದ ಸೋತು ಬೆಳ್ಳಿ ತೆಗೆದುಕೊಂಡರು. ಅಮ್ಮ ಬಚ್ಚಲಿಗೆ ಹೋಗಲಿಲ್ಲ, ಕೊನೆಯವರೆಗೂ ಕೂತು ನೋಡಿದಳು. ಸೋತರೂ ಕಣ್ಣು ಮುಚ್ಚಲಿಲ್ಲ.

ಫೈನಲ್ 24ನೇ ತಾರೀಖು, ಶನಿವಾರ, ಸಂಜೆ ಆರಕ್ಕೆ, ಪೋರತ್ ಎದುರು. ಅವರು ನಿನ್ನ ಟೋಪಿ ತೆಗೆದಿಟ್ಟಿದ್ದಾರೆ. ನೀನು ಬಂದರೆ ನಾವು ಸೋಲುತ್ತೇವೆ, ಅದು ನನಗೂ ಗೊತ್ತು, ಇಡೀ ಗ್ರೆಬೆನ್‌ಗೂ ಗೊತ್ತು. ನೀನು ಬಾರದಿದ್ದರೆ ಗೆಲ್ಲಲೂಬಹುದು. ಆರು ತಿಂಗಳಿಂದ ನಮ್ಮ ದಡಕ್ಕೆ ಬಾ ಬಾ ಅಂತ ಅಂಗಲಾಚಿದವಳು ಈಗ ಎದುರಿನ ದಡಕ್ಕೆ ಬಾ ಅನ್ನುತ್ತಿದ್ದೇನೆ. ನಿನಗೆ ಹೇಳದೆ ನಿನ್ನ ಗುಟ್ಟು ಬಯಲು ಮಾಡಿದ್ದೇನೆ, ನಿನ್ನ ಹೆಸರಿನಲ್ಲಿ ಸುಳ್ಳನ್ನೂ ಹೇಳಿದ್ದೇನೆ; ಅದಕ್ಕೆ ಮುಖ ನೋಡಿ ಬೈಯಬೇಕು ಅಂತಿದ್ದರೆ, ನನ್ನ ಮುಖ ಅವತ್ತು ಗೋಲಿನ ಮಧ್ಯದಲ್ಲಿ, ನೀರಿನಿಂದ ಒಂದು ಗೇಣು ಮೇಲೆ ಇರುತ್ತದೆ.

ಮನೆಯಲ್ಲಿ ನಿನ್ನ ಹಾಸಿಗೆ ಹಾಸಿದೆ. ಅಪ್ಪನೂ ಒಂದು ಹಾಸಿಗೆ ಹಾಸಿದ್ದಾನಂತೆ. ಎಲ್ಲಿ ಬೇಕಾದರೂ ಮಲಗು.

ಎಡಗೈ ಹೊಡೆತ ಹಿಡಿಯಲು ಇನ್ನೂ ಬಾರದ ಗ್ರೆಬೆನ್ ಗೋಲಿ,
ದೆಶಾ

ಮರೆತೆ: ಪೆನಾಲ್ಟಿ ಸಿಕ್ಕರೆ ಐದು ಮೀಟರ್ ದೂರ, ನಡುವೆ ಯಾರೂ ಇರುವುದಿಲ್ಲ, ಎರಡೂ ದಡ ನೋಡುತ್ತಿರುತ್ತವೆ. ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೊಡೆಯುವ ಧೈರ್ಯ ನಿನಗೆ ಇದೆಯಾ?